ಮಗಳಿಗೊಂದು ಪತ್ರ: ಅಡಮಾನವಿಲ್ಲದೆ ಕೊಟ್ಟ ಒಂದು ಲಕ್ಷ ಡಾಲರ್

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬ್ಯಾಂಕಿನ ಕೃಷಿ ಸಾಲ ವಿಭಾಗಕ್ಕೆ ಸೇರಿದ ಮೇಲೆ ಬರೆದ ಪತ್ರದಲ್ಲಿ, ಅಡಮಾನವಿಲ್ಲದವನಿಗೆ ದೊಡ್ಡ ಸಾಲ ಕೊಡುವುದು ವಿವೇಕವೇ ಎಂದು ನೀನು ಕೇಳಿದ್ದೆ. ಈ ಪ್ರಶ್ನೆ ಎದ್ದಾಗಲೆಲ್ಲ ನನ್ನ ಮನಸ್ಸಿಗೆ ಬರುವವನು ಅಮೆರಿಕದ ಮೊಂಟಾನಾದಲ್ಲಿ ಡೀರ್ ಲಾಡ್ಜ್ ಎಂಬ ಊರು ಬೆಳೆಯಲು ನೆರವಾದ ದನಗಳ ಸಾಹುಕಾರ ಕಾನ್ರಾಡ್ ಕೋರ್ಸ್. ಅವನ ಸಂಗತಿಯನ್ನೇ ಉತ್ತರವಾಗಿ ಬರೆಯುತ್ತೇನೆ.

ಕೋರ್ಸ್ ಹುಟ್ಟಿದ್ದು 1835ರಲ್ಲಿ, ಆಗ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿದ್ದ ಹೋಲ್‌ಸ್ಟೈನ್ ಸೀಮೆಯಲ್ಲಿ. ಹದಿಹರೆಯದಲ್ಲೇ ಹಡಗು ಸೇರಿ ಊರೂರು ಅಲೆದ ಅವನು ಚಿನ್ನದ ಆಸೆಯಿಂದ 1862ರಲ್ಲಿ ಬ್ಯಾನಕ್ ಗಣಿ ಶಿಬಿರಕ್ಕೆ ಬಂದು, ಅಲ್ಲೊಂದು ಮಾಂಸದಂಗಡಿಯಲ್ಲಿ ಸಂಬಳಕ್ಕೆ ನಿಂತ. ಅಂಗಡಿಯ ಯಜಮಾನ ಜಗಳವೊಂದರ ಭಯದಿಂದ ಊರು ಬಿಟ್ಟು ಹೋದಾಗ ಕೋರ್ಸ್ ವ್ಯಾಪಾರವನ್ನು ತಾನೇ ವಹಿಸಿಕೊಂಡ. ಗಣಿಗಾರರಿಗೆ ಮಾಂಸ ಒದಗಿಸಲು ದನ ಬೇಕು, ದನಕ್ಕೆ ಹುಲ್ಲು ಬೇಕು. ಹೀಗಾಗಿ 1866ರಲ್ಲಿ ಡೀರ್ ಲಾಡ್ಜ್ ಕಣಿವೆಯಲ್ಲಿದ್ದ ಜಾನಿ ಗ್ರಾಂಟನ ದನ ಸಾಕಣೆಯ ಜಾಗವನ್ನು, ಅಂದರೆ ರ‍್ಯಾಂಚನ್ನು ಕೊಂಡ. ಈ ಗ್ರಾಂಟ್ ಕೂಡ ಜಾಣನೇ: ಪಶ್ಚಿಮಕ್ಕೆ ವಲಸೆ ಹೊರಟವರ ಬಳಲಿದ ಎರಡು ಎತ್ತುಗಳನ್ನು ಪಡೆದು, ಮೈತುಂಬಿದ ಒಂದನ್ನು ಕೊಟ್ಟು, ಪಡೆದವನ್ನು ಇದೇ ಕಣಿವೆಯಲ್ಲಿ ಮೇಯಿಸಿ ಹಿಂಡು ಕಟ್ಟಿದ್ದ.

1868ರಲ್ಲಿ ಕೋರ್ಸ್ ಆಗಸ್ಟಾಳನ್ನು ಮದುವೆಯಾದ. ಹತ್ತೊಂಬತ್ತರ ಆ ಹುಡುಗಿ ಮಿಸ್ಸೌರಿ ನದಿಯಲ್ಲಿ ಉಗಿದೋಣಿ ಹತ್ತಿ, ಅಲ್ಲಿಂದ ಮುಂದೆ ಬಂಡಿಯಲ್ಲಿ ಬಂದು, ಗಂಡಸರೇ ತುಂಬಿದ್ದ ಮನೆಯನ್ನು ಹತೋಟಿಗೆ ತಂದಳು. ಸಾಬೂನು, ಮೇಣದಬತ್ತಿಗಳನ್ನು ಮನೆಯಲ್ಲೇ ಮಾಡಿದಳು. ತಂದೆ ಬೇರೆಯಾದರೂ ಒಂದೇ ತಾಯಿಗೆ ಹುಟ್ಟಿದ ಕೋರ್ಸನ ತಮ್ಮ ಜಾನ್ ಬೀಲನ್‌ಬರ್ಗ್ ದನಗಳನ್ನು ನೋಡಿಕೊಂಡರೆ, ಕೋರ್ಸ್ ಮಾರಾಟ, ಗಣಿಗಳಿಗೆ ನೀರು ಹರಿಸುವ ಕಾಲುವೆ, ಶಾಸನಸಭೆ ಎಂದು ಓಡಾಡುತ್ತಿದ್ದ. ಉತ್ತುಂಗದ ದಿನಗಳಲ್ಲಿ ಅವರ ದನಗಳು ಸುಮಾರು ಒಂದು ಕೋಟಿ ಎಕರೆ ಬಯಲಿನಲ್ಲಿ ಮೇಯುತ್ತಿದ್ದವು. ಆ ಬಯಲು ಅವರ ಸ್ವಂತದ್ದಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಿಗೆ ತಳ್ಳಿ, ಕಾಡೆಮ್ಮೆಗಳನ್ನು ಕೊಂದು ಬರಿದು ಮಾಡಿದ ನೆಲ ಅದು. ಕೋರ್ಸನನ್ನು ಮೆಚ್ಚುವಾಗ ಇದನ್ನು ಮರೆಯುವುದು ನನಗೆ ಸರಿಯೆನಿಸುವುದಿಲ್ಲ.

ನಿನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು 1886–87ರ ಚಳಿಗಾಲ. ಹಿಂದಿನ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತ್ತು, ಮಿತಿಮೀರಿದ ದನಗಳಿಂದ ಹುಲ್ಲು ಬೋಳಾಗಿತ್ತು. ಬಿದ್ದ ಹಿಮ ನಡುವೆ ಸ್ವಲ್ಪ ಕರಗಿ, ಮತ್ತೆ ಹೆಪ್ಪುಗಟ್ಟಿ ಗಟ್ಟಿ ಪದರವಾಯಿತು. ಕುದುರೆ ಗೊರಸಿನಿಂದ ಹಿಮ ಕೆದರಿ ಹುಲ್ಲು ತಿನ್ನಬಲ್ಲದು. ದನಕ್ಕೆ ಆ ರೂಢಿಯಿಲ್ಲ. ಕೂಡಿಟ್ಟ ಒಣಹುಲ್ಲೂ ಇರಲಿಲ್ಲ. ಮೊಂಟಾನಾದ ದನಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತವೆಂದು ಅಂದಾಜು. ಎಷ್ಟೋ ಸಾಹುಕಾರರು ದಿವಾಳಿಯೆದ್ದು ಕಸುಬನ್ನೇ ಬಿಟ್ಟರು.

ಕೋರ್ಸನ ಬಂಡವಾಳವೆಂದರೆ ಮುಖ್ಯವಾಗಿ ಆ ದನಗಳೇ. ಮೇಯುವ ಬಯಲನ್ನಂತೂ ಅಡವಿಡುವಂತಿರಲಿಲ್ಲ. ಆ ಹೊತ್ತಿನಲ್ಲಿ ಬ್ಯೂಟ್ ಪಟ್ಟಣದ ಬ್ಯಾಂಕರ್ ಎ. ಜೆ. ಡೇವಿಸ್, ಯಾವ ಅಡಮಾನವನ್ನೂ ಕೇಳದೆ ಅವನಿಗೆ 1,00,000 ಡಾಲರ್ ಸಾಲ ಕೊಟ್ಟ. ಕೋರ್ಸ್ ಅದನ್ನು ನಾಲ್ಕೇ ವರ್ಷಗಳಲ್ಲಿ ತೀರಿಸಿದ.

ಇದನ್ನು ಕೇವಲ ಧಾರಾಳತನವೆಂದು ನಾನು ಭಾವಿಸುವುದಿಲ್ಲ. ಎದುರಿಗಿದ್ದವನು ಇಪ್ಪತ್ತೈದು ವರ್ಷಗಳಿಂದ ಅದೇ ಸೀಮೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದವನು, ದನ ಸತ್ತರೂ ಕಸುಬು ಬಲ್ಲವನು, ಊರು ಬಿಟ್ಟು ಹೋಗದವನು. ಹಣ ಸಿಕ್ಕ ಮೇಲೂ ಅವನು ಹಳೆಯ ದಾರಿಯನ್ನೇ ಹಿಡಿಯಲಿಲ್ಲ. ಬೇಲಿ ಹಾಕಿ, ಚಳಿಗಾಲಕ್ಕೆ ಹುಲ್ಲು ಬೆಳೆದು, ಉತ್ತಮ ತಳಿಯ ದನ ಸಾಕುವುದಕ್ಕೆ ಒತ್ತು ಕೊಟ್ಟ. ನಷ್ಟದ ಕಾರಣವನ್ನು ಅರಿತು ಪದ್ಧತಿಯನ್ನು ಬದಲಿಸುವ ಇಂಥ ಸಾಲಗಾರನನ್ನು ನಾನು ಜಾಮೀನಿಗಿಂತ ಮೇಲೆಂದು ಎಣಿಸುತ್ತೇನೆ.

ಆ ಒಂದು ಸಾಲದಿಂದ ಊರಿಗೂ ಒಳಿತಾಯಿತು. 1889ರಲ್ಲಿ ಮೊಂಟಾನಾ ರಾಜ್ಯದ ಸಂವಿಧಾನ ರಚಿಸಿದ ಸಭೆಯಲ್ಲಿ ಕೋರ್ಸ್ ಇದ್ದ. 1901ರಲ್ಲಿ, ಕಾಲೇಜಿನಲ್ಲಿ ಓದುತ್ತಿದ್ದ ಅವನ ಒಬ್ಬನೇ ಮಗ ವಿಲಿಯಂ ತೀರಿಕೊಂಡಾಗ, ಆ ದಂಪತಿ ಮಗನ ಹೆಸರಿನಲ್ಲಿ ಡೀರ್ ಲಾಡ್ಜಿಗೆ ಒಂದು ಗ್ರಂಥಾಲಯವನ್ನು ಕಟ್ಟಿಸಿಕೊಟ್ಟರು. ಕೋರ್ಸ್ 1920ರವರೆಗೆ ಬದುಕಿದ್ದ. ಅವನ ರ‍್ಯಾಂಚ್ 1972ರಿಂದ ರಾಷ್ಟ್ರೀಯ ಐತಿಹಾಸಿಕ ತಾಣವಾಗಿದೆ.

ಅರ್ಜಿದಾರನ ಹಿಂದಿನ ನಡವಳಿಕೆಯನ್ನೂ ಕಸುಬಿನ ತಿಳಿವಳಿಕೆಯನ್ನೂ ತೂಗಿ ನೋಡಲು ನಿಮ್ಮ ಶಾಖೆಯ ನಿಯಮಗಳಲ್ಲಿ ಎಷ್ಟು ಅವಕಾಶವಿದೆ ಎಂಬುದನ್ನು ಮುಂದಿನ ಪತ್ರದಲ್ಲಿ ವಿವರವಾಗಿ ಬರೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ