ಒಲಿಂಪಿಯಾ ಹಡಗಿಗೆ ನಮ್ಮದೂ ಒಂದು ಪಾಲು ಇರಲಿ

ಕನ್ನಡ ಬಂಧುಗಳಿಗೆ ನಮಸ್ಕಾರ.

ನಾವು ಫಿಲಡೆಲ್ಫಿಯಾದ ಶನಿವಾರದ ಕನ್ನಡ ತರಗತಿಯ ಮಕ್ಕಳ ಅಪ್ಪ-ಅಮ್ಮಂದಿರು. ಇಲ್ಲಿ ಡೆಲವೇರ್ ನದಿಯಲ್ಲಿ ಒಲಿಂಪಿಯಾ ಅನ್ನೋ ಹಳೇ ಯುದ್ಧನೌಕೆ ಇದೆ. 1892ರಲ್ಲಿ ನೀರಿಗಿಳಿದದ್ದು. ಇನ್ನೂ ತೇಲುತ್ತಿರುವ ಅಮೆರಿಕದ ಉಕ್ಕಿನ ಯುದ್ಧನೌಕೆಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಅದರ ರಿಪೇರಿಗೆ ಕೈಲಾದಷ್ಟು ಕೊಡಿ ಎಂದು ಕೇಳಲು ಈ ಪತ್ರ.

ಮಕ್ಕಳಿಗೆ ಈ ಹಡಗಿನ ಹುಚ್ಚು ಹಿಡಿಸಿದ್ದು ಅದರ ಸಣ್ಣ ಫಿರಂಗಿಗಳ ಕಥೆ. 1870ರ ದಶಕದಲ್ಲಿ ಟಾರ್ಪಿಡೊ, ಅಂದರೆ ಹಡಗನ್ನು ನೀರಿನಡಿಯಲ್ಲಿ ಒಡೆಯುವ ಸಿಡಿಗುಂಡು, ಹೊತ್ತ ದೋಣಿಗಳು ಬಂದವು. ಪುಟ್ಟ ದೋಣಿ, ಭಾರೀ ವೇಗ. ದೊಡ್ಡ ಫಿರಂಗಿಗೆ ಮದ್ದು ಬೇರೆ, ಗುಂಡು ಬೇರೆ ತುಂಬಿ ಗುರಿ ಹಿಡಿಯುವಷ್ಟರಲ್ಲಿ ದೋಣಿ ಪಕ್ಕಕ್ಕೇ ಬಂದುಬಿಡುತ್ತಿತ್ತು. 1881ರಲ್ಲಿ ಬ್ರಿಟಿಷ್ ನೌಕಾಪಡೆ, ನಿಮಿಷಕ್ಕೆ 12 ಸಲವಾದರೂ ಗುಂಡು ಹಾರಿಸುವ ಫಿರಂಗಿ ಬೇಕು ಎಂದಿತು. ಹಾಚ್‌ಕಿಸ್ ಕಂಪನಿಯ 57 ಮಿ.ಮೀ. ಬಾಯಿಯ ಫಿರಂಗಿ 20ಕ್ಕೂ ಜಾಸ್ತಿ ಸಲ ಹಾರಿಸುತ್ತಿತ್ತು.

ಗುಟ್ಟು ಇರುವುದು ಹಿತ್ತಾಳೆಯ ತೋಟಾದಲ್ಲಿ. ಮದ್ದು, ಗುಂಡು ಎರಡೂ ಅದರಲ್ಲೇ. ಹಿಡಿ ಎಳೆದರೆ ಹಿಂಬದಿಯ ಉಕ್ಕಿನ ತುಂಡು ಕೆಳಕ್ಕೆ ಜಾರುತ್ತದೆ, ಖಾಲಿ ತೋಟಾ ಟಣ್ ಅಂತ ಹೊರಗೆ ಬೀಳುತ್ತದೆ, ಹೊಸದು ಒಳಗೆ. ಗುರಿಕಾರ ಬಂದೂಕಿನ ಹಾಗೆ ಭುಜ ಕೊಟ್ಟೇ ಫಿರಂಗಿ ತಿರುಗಿಸುತ್ತಿದ್ದ. ಅದನ್ನು ಕೇಳಿ ಬಂದ ನಮ್ಮ ಮಗಳು ಪೊರಕೆಯ ತುದಿಯನ್ನು ಭುಜಕ್ಕೆ ಒತ್ತಿಕೊಂಡು ಅಜ್ಜಿಗೆ ಮಾಡಿ ತೋರಿಸಿದಳು.

ಒಲಿಂಪಿಯಾದಲ್ಲಿ ಇಂಥ, 6 ಪೌಂಡ್ ತೂಕದ ಗುಂಡು ಹಾರಿಸುವ ಫಿರಂಗಿ 14 ಇದ್ದವು. 1898ರ ಮೇ 1ರಂದು ಫಿಲಿಪೀನ್ಸ್‌ನ ಮನಿಲಾ ಕೊಲ್ಲಿಯಲ್ಲಿ ಸ್ಪೇನ್ ವಿರುದ್ಧದ ಕದನದಲ್ಲಿ ಎರಡು ದೋಣಿಗಳು ತನ್ನ ಹಡಗಿನತ್ತ ನುಗ್ಗಿದವು, ಗುಂಡು ಹಾರಿಸಿ ತಡೆದೆವು ಎಂದು ಅಮೆರಿಕದ ಹಡಗುಗಳ ನಾಯಕ ಕಮೋಡೋರ್ ಡ್ಯೂಯಿ ವರದಿಯಲ್ಲಿ ಬರೆದಿದ್ದಾರೆ. ಅದೇ ಕದನದ ನಡುವೆ, 5 ಇಂಚಿನ ಫಿರಂಗಿಗಳಿಗೆ ತಲಾ 15 ಗುಂಡು ಮಾತ್ರ ಉಳಿದಿವೆ ಎಂಬ ಸುದ್ದಿ ಬಂತು. ಬೇಗ ಹಾರುವ ಫಿರಂಗಿಯಲ್ಲಿ ಗುಂಡೂ ಬೇಗ ಖಾಲಿ, ಅಲ್ವಾ? ಡ್ಯೂಯಿ ಹಿಂದೆ ಸರಿದರು. ಆಮೇಲೆ ನೋಡಿದರೆ ಸುದ್ದಿಯೇ ತಪ್ಪು, ಹಾರಿಸಿದ್ದೇ ತಲಾ 15! ಅಂದು ಸ್ಪೇನಿನ ಎಷ್ಟೋ ನಾವಿಕರು ಪ್ರಾಣ ಬಿಟ್ಟರು. ಮಕ್ಕಳಿಗೆ ಅದನ್ನೂ ಹೇಳಿದ್ದೇವೆ.

ಈ ಹಡಗು 1945ರಿಂದ ಡ್ರೈ ಡಾಕ್, ಅಂದರೆ ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಕಟ್ಟೆ, ಕಂಡಿಲ್ಲ. ದಡದಿಂದ ನೋಡಿದರೆ ಬಣ್ಣ ಚೆನ್ನಾಗೇ ಕಾಣುತ್ತದೆ. ಆದರೆ ನೀರು ತಾಗುವ ಮಟ್ಟದಲ್ಲಿ ಉಕ್ಕು ಸವೆದು ತೆಳ್ಳಗಾಗಿದೆ, ತೇಪೆ ಹಾಕಿ ಉಳಿಸಿಕೊಂಡಿದ್ದಾರೆ. 1996ರಿಂದ ನೋಡಿಕೊಳ್ಳುತ್ತಿರುವುದು ಇಂಡಿಪೆಂಡೆನ್ಸ್ ಸೀಪೋರ್ಟ್ ಮ್ಯೂಸಿಯಂ.

10 ಡಾಲರ್ ಆದರೂ ಸರಿ, 100 ಆದರೂ ಸರಿ. ಮಕ್ಕಳೇ ಬಣ್ಣ ಬಳಿದ ಡಬ್ಬಿ ಈ ಶನಿವಾರದಿಂದ ತರಗತಿಯ ಬಾಗಿಲಲ್ಲಿ ಇರುತ್ತದೆ. ಸೇರಿದ ಹಣ ಪೂರ್ತಿ ಮ್ಯೂಸಿಯಂಗೆ ಹೋಗುತ್ತದೆ, ರಸೀದಿಯನ್ನು ಗುಂಪಿನಲ್ಲಿ ಹಾಕುತ್ತೇವೆ. ದೂರದಲ್ಲಿರುವವರು ನೇರವಾಗಿ ಮ್ಯೂಸಿಯಂಗೇ ಕಳಿಸಿ, ನಮಗೊಂದು ಮಾತು ತಿಳಿಸಿ.