ಎಲ್ಲದಕ್ಕೂ ‘ಫಾರ್ಮ್ಯಾಟ್ ಮಾಡ್ಸಿ’ ಅನ್ನೋದು ನಿಲ್ಲಲಿ

ಸಂಪಾದಕರಿಗೆ ನಮಸ್ಕಾರ,

ನಾನು ಹಾಸನದಲ್ಲಿ ಕಂಪ್ಯೂಟರ್ ಸರ್ವೀಸ್ ಕೆಲ್ಸ ಮಾಡೋನು, ಆಲೂರು ಸಕಲೇಶಪುರ ಕಡೆ ತೋಟಗಳಿಗೂ ಹೋಗ್ತಿರ್ತೀನಿ. ನಮ್ಮ ಕಡೆ ಕಂಪ್ಯೂಟರ್ ಸ್ಲೋ ಆಯ್ತು, ಬ್ರೌಸರ್ ತೆಗೆದ್ರೆ ಗೂಗಲ್ ಬದ್ಲು ಇನ್ಯಾವ್ದೋ ಸರ್ಚ್ ಪೇಜ್ ಬರುತ್ತೆ, ಮೂಲೇಲಿ ಜಾಹೀರಾತು ಎದ್ದೆದ್ದು ಬರುತ್ತೆ ಅಂತ ಯಾರಿಗಾದ್ರೂ ತೋರಿಸಿದ್ರೆ ಸಿಗೋ ಉತ್ರ ಒಂದೇ, "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡ್ಸಿಬಿಡಿ". ಫಾರ್ಮ್ಯಾಟ್ ಅಂದ್ರೆ ಒಳಗಿರೋದೆಲ್ಲಾ ಒರೆಸಿ ವಿಂಡೋಸ್ ಹೊಸದಾಗಿ ಹಾಕೋದು. ನಾನು ನೋಡೋ ಕೇಸ್‌ಗಳಲ್ಲಿ ಬಹಳಷ್ಟು ವೈರಸ್ಸೇ ಅಲ್ಲ. ಯಾವ್ದೋ ಫ್ರೀ ಸಾಫ್ಟ್‌ವೇರ್ ಹಾಕೋವಾಗ ಅದರ ಬೆನ್ನಿಗೆ ಅಂಟ್ಕೊಂಡು ಬಂದ ಬೇಡದ ಪ್ರೋಗ್ರಾಂಗಳು. ಮರದ ಮೇಲೆ ಬಂದಳಿಕೆ ಬೆಳೆದ್ರೆ ಬಂದಳಿಕೆ ಕಡೀತೀವೇ ಹೊರ್ತು ಮರಾನೇ ಕಡಿಯಲ್ಲ.

ಸಕಲೇಶಪುರದ ಹತ್ರ ಒಂದು ತೋಟದಲ್ಲಿ ರೈಟರ್ (ತೋಟದ ಗುಮಾಸ್ತ) ಬರೆದಿಟ್ಟಿದ್ದ ಚೆಕ್‌ರೋಲು (ಆಳುಗಳ ಹಾಜರಿ ಪಟ್ಟಿ), ಕುಯ್ಲಿನ ಲೆಕ್ಕ ಎಲ್ಲಾ ಡೆಸ್ಕ್‌ಟಾಪ್ ಮೇಲೇ ಇತ್ತು, ಅಂಗಡಿಯೋರು ಒಂದು ಮಾತೂ ಕೇಳ್ದೆ ಸಿ ಡ್ರೈವ್ ಒರೆಸಿ ಕೊಟ್ಬಿಟ್ರು, ಇಡೀ ಸೀಸನ್ನಿನ ಲೆಕ್ಕ ಹೋಯ್ತು. ಆಮೇಲೆ ತೋಟದೋರು ಮೊದ್ಲು ಈ ಕಾಟ ತಂದಿದ್ದ ಪಿಡಿಎಫ್ ಕನ್ವರ್ಟರ್‌ನ ಅದೇ ಸೈಟಿಂದ ಮತ್ತೆ ಹಾಕ್ಕೊಂಡ್ರು, ಅದೇ ಸರ್ಚ್ ಪೇಜು ವಾಪಸ್ ಬಂತು. ಅಂದ್ರೆ ಫಾರ್ಮ್ಯಾಟ್‌ಗೆ ಕೊಟ್ಟ ದುಡ್ಡೂ ದಂಡ, ಲೆಕ್ಕಾನೂ ಇಲ್ಲ, ಕಾಯಿಲೆ ಅಲ್ಲೇ ಇದೆ. ಇದು ನನಗೆ ಬಹಳ ಬೇಜಾರು ತರಿಸಿದ ವಿಷ್ಯ.

ಈ ಬೇಡದ ಪ್ರೋಗ್ರಾಂಗಳು ಹೇಗೆ ಬರ್ತಾವೆ ಅಂದ್ರೆ, ಡೌನ್‌ಲೋಡ್ ಸೈಟಲ್ಲಿ ದೊಡ್ಡದಾಗಿ ಹಸಿರು ಬಣ್ಣದ ಡೌನ್‌ಲೋಡ್ ಬಟನ್ ಇರುತ್ತಲ್ಲ, ಎಷ್ಟೋ ಸಲ ಅದೇ ಜಾಹೀರಾತು, ನಿಜವಾದ ಲಿಂಕ್ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಇನ್‌ಸ್ಟಾಲರ್ ಓಪನ್ ಆದ್ರೆ ‘ಎಕ್ಸ್‌ಪ್ರೆಸ್’ ಮತ್ತೆ ‘ಕಸ್ಟಮ್’ ಅಂತ ಎರಡು ದಾರಿ, ಎಕ್ಸ್‌ಪ್ರೆಸ್ ಮುಂದೆ ‘ರೆಕಮೆಂಡೆಡ್’ ಅಂತ ಬರ್ದಿರುತ್ತೆ, ಅದನ್ನ ಒತ್ತಿ ನೆಕ್ಸ್ಟ್ ನೆಕ್ಸ್ಟ್ ಅಂತ ಹೋದ್ರೆ ಮೊದ್ಲೇ ಟಿಕ್ ಹಾಕಿಟ್ಟಿರೋ ನಾಲ್ಕೈದು ಸಾಫ್ಟ್‌ವೇರ್ ಒಟ್ಟಿಗೆ ಒಳಗೆ ಬರ್ತಾವೆ. ಕಸ್ಟಮ್ ಒತ್ತಿದ್ರೆ ಮಾತ್ರ ಆ ಟಿಕ್‌ಗಳು ಕಾಣ್ಸೋದು. ಬೇಡ ಅನ್ನೋ ‘ಡಿಕ್ಲೈನ್’ ಬಟನ್ನು ಬೂದು ಬಣ್ಣದಲ್ಲಿ, ಅದು ಕೆಲ್ಸಾನೇ ಮಾಡಲ್ವೇನೋ ಅನ್ನೋ ಹಾಗೆ ಇಟ್ಟಿರ್ತಾರೆ. ಇನ್‌ಸ್ಟಾಲ್ ಆದ ಒಂದೊಂದಕ್ಕೂ ಹಂಚಿದೋರಿಗೆ ದುಡ್ಡು ಸಿಗುತ್ತೆ, ಅದಕ್ಕೇ ಇಷ್ಟೆಲ್ಲಾ. ಇದನ್ನೇ ಅವ್ರು ಬಳಕೆದಾರರ ಒಪ್ಪಿಗೆ ಅಂತಾರೆ. ಇಂಗ್ಲಿಷ್ ಓದೋಕೆ ಬಾರದ ರೈತ, ಮನೇಲಿ ಟೈಲರಿಂಗ್ ಲೆಕ್ಕ ಇಡೋ ಹೆಣ್ಮಗಳು, ಇವ್ರೆಲ್ಲಾ ಯಾವ್ದಕ್ಕೆ ಒಪ್ಪಿದ್ರು ಸಾರ್?

ಕಳ್ಳ ಸೈಟುಗಳು ಮಾತ್ರ ಹೀಗೆ ಮಾಡ್ತಾರೆ ಅಂದ್ಕೋಬೇಡಿ. ಎಷ್ಟೋ ಪ್ರೋಗ್ರಾಂ ಓಡೋಕೆ ಬೇಕಾಗೋ ಜಾವಾ ಹಾಕೋವಾಗ ವರ್ಷಗಟ್ಟಲೆ ಆಸ್ಕ್ ಟೂಲ್‌ಬಾರ್ ಅನ್ನೋ ಬ್ರೌಸರ್ ಸರ್ಚ್ ಪಟ್ಟಿಗೆ ಟಿಕ್ ಹಾಕ್ಕೊಂಡೇ ಬರ್ತಿತ್ತು. ಸೋರ್ಸ್‌ಫೋರ್ಜ್ ಅಂತ ಒಳ್ಳೆ ಹೆಸ್ರಿದ್ದ ಡೌನ್‌ಲೋಡ್ ಸೈಟೂ ಹೀಗೇ ಜೊತೆಗೆ ತುರುಕೋಕೆ ಶುರು ಮಾಡಿ, ಫೋಟೋ ತಿದ್ದೋ ಗಿಂಪ್ ಸಾಫ್ಟ್‌ವೇರಿನವ್ರು 2013ರಲ್ಲಿ ಅಲ್ಲಿಂದ ಎದ್ದು ಹೋದ್ರು, 2016ರಲ್ಲಿ ಮಾಲೀಕರು ಬದಲಾದ್ಮೇಲೆ ಅದು ನಿಂತಿದ್ದು. ಇನ್ನು ಲೆನೋವೊ ಕಂಪನಿ 2014ರಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಿಗೆ ಸೂಪರ್‌ಫಿಶ್ ಅನ್ನೋ ಜಾಹೀರಾತು ಸಾಫ್ಟ್‌ವೇರ್‌ನ ತಾನೇ ಹಾಕಿ ಮಾರ್ತು, ಅದು ‘ಈ ಸೈಟು ಅಸಲಿ’ ಅಂತ ಬ್ರೌಸರ್ ನಂಬೋಕೆ ಬೇಕಾದ ಸರ್ಟಿಫಿಕೇಟ್‌ನ ತನ್ನದೇ ಒಂದು ಹಾಕ್ಕೊಂಡು ನಾವು ಬ್ಯಾಂಕ್ ಪೇಜ್ ತೆಗೆದ್ರೂ ಮಧ್ಯೆ ಕೂತಿರ್ತಿತ್ತು, ಸಾಫ್ಟ್‌ವೇರ್ ತೆಗೆದ್ರೂ ಸರ್ಟಿಫಿಕೇಟ್ ಉಳ್ಕೊಂಡಿರ್ತಿತ್ತು. 2015ರ ಫೆಬ್ರವರೀಲಿ ಇದು ದೊಡ್ಡ ಸುದ್ದಿ ಆಯ್ತು, 2017ರಲ್ಲಿ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡ್ಕೊಂಡ್ರು. ಹಾಗಾಗಿ ಹೊಸ ಲ್ಯಾಪ್‌ಟಾಪ್ ತಂದ ದಿನಾನೂ ಒಳಗೆ ಏನೇನಿದೆ ಅಂತ ನೋಡ್ಬೇಕು.

ನಮ್ಮೋರು ಸಿಕ್ಕಿ ಬೀಳೋ ಇನ್ನೊಂದು ಜಾಗ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ಆಫೀಸುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ನುಡಿ ಇಲ್ದೆ ಆಗಲ್ಲ, ‘ನುಡಿ ಡೌನ್‌ಲೋಡ್’ ಅಂತ ಹುಡುಕಿದ್ರೆ ಯಾವ್ಯಾವ್ದೋ ಸೈಟು ಬರ್ತಾವೆ. ನುಡಿ ಮಾಡಿರೋದು ಕನ್ನಡ ಗಣಕ ಪರಿಷತ್ತು, ಅವರ ಜಾಲತಾಣದಿಂದ್ಲೇ ಇಳಿಸ್ಕೊಳ್ಳಿ. ಬರೀ ಯುನಿಕೋಡ್ ಕನ್ನಡ, ಅಂದ್ರೆ ಮೊಬೈಲು, ವೆಬ್‌ಸೈಟು ಎಲ್ಲಾ ಕಡೆ ಓದೋಕೆ ಬರೋ ಅಕ್ಷರ, ಸಾಕು ಅನ್ನೋರಿಗೆ ಹೊರಗಿಂದ ಏನೂ ಬೇಡ, ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, 2019ರಿಂದ ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಬರೋ ಫೊನೆಟಿಕ್ ಕೀಬೋರ್ಡೂ ಇದೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸ್ಕೊಂಡ್ರೆ ಆಯ್ತು.

ಈಗ ತೆಗೆಯೋ ವಿಷ್ಯ. ಮೊದ್ಲು ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್ ಪಟ್ಟಿ ತೆಗೀರಿ, ಅದನ್ನ ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸ್ಕೊಳ್ಳಿ. ತೊಂದ್ರೆ ಶುರುವಾದ ದಿನದ ಹತ್ರ ನೀವು ಹಾಕಿದ್ದು ಒಂದು, ಅಲ್ಲಿ ಕಾಣ್ತಿರೋದು ನಾಕು ಅಂದ್ರೆ ಆ ಉಳಿದ ಮೂರೇ ಅನುಮಾನದೋವು. ಡ್ರೈವರ್ ಅಪ್‌ಡೇಟ್ ಮಾಡ್ತೀವಿ, ಕಂಪ್ಯೂಟರ್ ಸ್ಪೀಡ್ ಮಾಡ್ತೀವಿ, ಕೂಪನ್ ಕೊಡ್ತೀವಿ ಅನ್ನೋವೇ ಜಾಸ್ತಿ ಇರ್ತಾವೆ. ಆದ್ರೆ ದಯವಿಟ್ಟು ಗೊತ್ತಿಲ್ಲದ ಹೆಸ್ರು ಕಂಡಿದ್ದೆಲ್ಲಾ ತೆಗೀಬೇಡಿ. ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ ಅಂತ ನಾಲ್ಕಾರು ಸಲ ಇರುತ್ತೆ, ಇಂಟೆಲ್, ರಿಯಲ್‌ಟೆಕ್ ಅಂತ ಇರುತ್ತೆ, ಜಿಎಸ್‌ಟಿ ಕಟ್ಟೋರಿಗೆ ಡಿಜಿಟಲ್ ಸಹಿ ಟೋಕನ್ನಿನ ಡ್ರೈವರ್ ಇರುತ್ತೆ, ಅವು ಬೇಕು. ಅನುಮಾನ ಇದ್ರೆ ಹೆಸ್ರನ್ನ ಮೊಬೈಲಲ್ಲಿ ಹುಡುಕಿ ನೋಡಿ ಆಮೇಲೆ ಕೈ ಹಾಕಿ. ಅನ್‌ಇನ್‌ಸ್ಟಾಲ್ ಮಾಡೋವಾಗ್ಲೂ ಪ್ರತಿ ಸ್ಕ್ರೀನು ಓದ್ಬೇಕು, ಯಾಕಂದ್ರೆ ‘ಇಟ್ಕೊಳ್ಳಿ’ ಅನ್ನೋ ಬಟನ್ನೇ ಎದ್ದು ಕಾಣೋ ಹಾಗೆ ಮಾಡಿರ್ತಾರೆ.

ಇಷ್ಟಕ್ಕೇ ಬಹಳ ಜನ ನಿಲ್ಲಿಸ್ತಾರೆ, ಅದಕ್ಕೇ ಪೂರ್ತಿ ಹೋಗಲ್ಲ. ಬ್ರೌಸರಲ್ಲಿ ಎಕ್ಸ್‌ಟೆನ್ಷನ್ ಅನ್ನೋ ಸಣ್ಣ ಜೋಡಣೆ ಪ್ರೋಗ್ರಾಂ ಬೇರೆ ಕೂತಿರುತ್ತೆ, ಅದನ್ನ ತೆಗೀಬೇಕು, ಸರ್ಚ್ ಎಂಜಿನ್ನು, ಶುರುವಿನ ಪೇಜು ಸರಿ ಮಾಡ್ಬೇಕು. ಅದೆಲ್ಲಾ ಆದ್ಮೇಲೂ ಅದೇ ಪೇಜ್ ಬಂದ್ರೆ ಡೆಸ್ಕ್‌ಟಾಪ್ ಮೇಲಿರೋ ಬ್ರೌಸರ್ ಐಕಾನಿನ ಪ್ರಾಪರ್ಟೀಸ್ ತೆಗೆದು ‘ಟಾರ್ಗೆಟ್’ ಸಾಲಿನ ಕೊನೇಲಿ ಯಾವ್ದಾದ್ರೂ ಸೈಟಿನ ವಿಳಾಸ ಅಂಟಿಸಿದ್ದಾರಾ ನೋಡಿ, ಇದು ಹಳೇ ಉಪಾಯ, ಇವತ್ತಿಗೂ ಕಾಣುತ್ತೆ. ಇಂಟರ್ನೆಟ್‌ನ ಬೇರೆ ಕಂಪ್ಯೂಟರ್ ಮೂಲಕ ಹಾಯಿಸೋ ಪ್ರಾಕ್ಸಿ ಸೆಟ್ಟಿಂಗೂ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಸ್ಟಾರ್ಟಪ್‌ನಲ್ಲಿ ಬೇಡದ್ದನ್ನ ಡಿಸೇಬಲ್ ಮಾಡಿ.

ಮೂಲೇಲಿ "ನಿಮ್ಮ ಕಂಪ್ಯೂಟರಲ್ಲಿ ವೈರಸ್ ಸಿಕ್ಕಿದೆ" ಅಂತ ಕೆಂಪು ಬಣ್ಣದಲ್ಲಿ ಬರೋದಿದ್ಯಲ್ಲ, ಎಷ್ಟೋ ಕಂಪ್ಯೂಟರಲ್ಲಿ ಅದು ಸಾಫ್ಟ್‌ವೇರ್ ಕೂಡ ಅಲ್ಲ, ಯಾವಾಗ್ಲೋ ಒಂದು ಸೈಟಿಗೆ ನೋಟಿಫಿಕೇಷನ್ ‘ಅಲೋ’ ಒತ್ತಿರ್ತೀವಿ ಅಷ್ಟೇ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಅಂತ ಹುಡುಕಿ ಆ ಸೈಟನ್ನ ತೆಗೆದ್ರೆ ಮುಗೀತು, ಇದಕ್ಕೂ ಫಾರ್ಮ್ಯಾಟ್ ಮಾಡ್ಸಿದೋರಿದ್ದಾರೆ. ಆದ್ರೆ ಆ ಮೆಸೇಜಲ್ಲಿ ಫೋನ್ ನಂಬರ್ ಇದ್ರೆ ಖಂಡಿತ ಫೋನ್ ಮಾಡ್ಬೇಡಿ, ಅವ್ರು ಎನಿಡೆಸ್ಕ್ ಥರದ್ದು ಹಾಕ್ಸಿ ನಿಮ್ಮ ಕಂಪ್ಯೂಟರ್ ಅವರ ಕೈಗೆ ತಗೊಂಡು ಬ್ಯಾಂಕ್ ಖಾತೆಗೇ ಕೈ ಹಾಕ್ತಾರೆ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ಎಷ್ಟು ಬೇಗ ಮಾಡಿದ್ರೆ ಅಷ್ಟು ದುಡ್ಡು ತಡೆಯೋ ಅವಕಾಶ.

ಕೊನೇಲಿ ವಿಂಡೋಸ್ ಸೆಕ್ಯುರಿಟಿ ತೆಗೆದು ಫುಲ್ ಸ್ಕ್ಯಾನ್ ಕೊಡಿ. ಅದರಲ್ಲೇ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಒಳಗೆ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಅಂತ ಇದೆ, ಈ ಜಾತಿ ಸಾಫ್ಟ್‌ವೇರ್ ತಡೆಯೋಕೇ ಇರೋದು, ಅದು ಆನ್ ಇದ್ಯಾ ನೋಡ್ಕೊಳ್ಳಿ. ಇನ್ನೂ ಉಳಿದಿದ್ರೆ ಆ್ಯಡ್‌ಡಬ್ಲ್ಯುಕ್ಲೀನರ್ ಅನ್ನೋ ಫ್ರೀ ಟೂಲ್ ಇದೆ, ಅದು ಮಾಲ್‌ವೇರ್‌ಬೈಟ್ಸ್ ಕಂಪನೀದು, ಅವರ ಸೈಟಿಂದ್ಲೇ ತಗೋಬೇಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಫ್ರೀ ಕ್ಲೀನಿಂಗ್ ಟೂಲ್‌ಗಳನ್ನ ಕೊಡ್ತಿದೆ, ನಮ್ಮಲ್ಲಿ ಇದು ಗೊತ್ತಿರೋರೇ ಕಮ್ಮಿ.

ಫಾರ್ಮ್ಯಾಟ್ ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. ಫೈಲೆಲ್ಲಾ ಲಾಕ್ ಮಾಡಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಬಂದ್ರೆ, ಪಾಸ್‌ವರ್ಡ್ ಕದಿಯೋದು ಹೊಕ್ಕಿದ್ರೆ, ದುಡ್ಡು ಕೊಡ್ದೆ ಬಳಸೋಕೆ ಲೈಸೆನ್ಸ್ ಮುರಿಯೋ ಕ್ರ್ಯಾಕ್ ಆ್ಯಕ್ಟಿವೇಟರ್ ಹಾಕಿದ್ರೆ ಫಾರ್ಮ್ಯಾಟೇ ಸರಿ, ಫೈಲುಗಳನ್ನ ಬೇರೆ ಡಿಸ್ಕಿಗೆ ತೆಗೆದಿಟ್ಟು, ಪಾಸ್‌ವರ್ಡ್‌ಗಳನ್ನ ಬೇರೆ ಸಾಧನದಿಂದ ಬದಲಾಯಿಸಿ. ಆದ್ರೆ ಕೆಲವು ಅಂಗಡೀಲಿ ಆಗೋದು ಉಲ್ಟಾ. ಒರಿಜಿನಲ್ ವಿಂಡೋಸ್ ಇದ್ದ ಲ್ಯಾಪ್‌ಟಾಪ್‌ಗೂ ಕ್ರ್ಯಾಕ್ ವಿಂಡೋಸ್ ಹಾಕ್ತಾರೆ, ಕ್ರ್ಯಾಕ್ ನಿಲ್ಲಲಿ ಅಂತ ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡ್ತಾರೆ, ಪೆನ್‌ಡ್ರೈವಲ್ಲಿರೋ ಹಳೇ ಸಾಫ್ಟ್‌ವೇರ್ ಗಂಟೆಲ್ಲಾ ಸುರೀತಾರೆ. ಕ್ಲೀನ್ ಆಗೋಕೆ ಹೋದ ಕಂಪ್ಯೂಟರ್ ಇನ್ನೂ ಗಲೀಜಾಗಿ ಮನೆಗೆ ಬರುತ್ತೆ. ನಮ್ಮ ಕಸುಬಿನೋರನ್ನೇ ಕೇಳ್ಕೊಳ್ತೀನಿ, ಒರೆಸೋ ಮುಂಚೆ ಕೇಳಿ, ಏನೇನು ಹಾಕಿದ್ರಿ ಅಂತ ಬಿಲ್ಲಲ್ಲಿ ಬರ್ಕೊಡಿ. ಗಿರಾಕಿಗಳೂ ಅದನ್ನ ಕೇಳಿ ಇಸ್ಕೋಬೇಕು.

ಹಾಸನದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, 1960ರಿಂದ ಇರೋ ಮಲ್ನಾಡ್ ಕಾಲೇಜೂ ಇದೆ. ಹುಡುಗ್ರು ಎನ್ಎಸ್ಎಸ್ ಕ್ಯಾಂಪಿಗೆ ಹಳ್ಳಿಗೆ ಹೋದಾಗ ಒಂದು ಮಧ್ಯಾಹ್ನ ಸೊಸೈಟಿ, ಶಾಲೆ, ಹಾಲಿನ ಡೈರಿ ಕಂಪ್ಯೂಟರ್‌ಗಳನ್ನ ಹೀಗೆ ನೋಡ್ಕೊಟ್ರೆ ದೊಡ್ಡ ಉಪಕಾರ. ನಿಮ್ಮ ಪತ್ರಿಕೇನೂ ವಾರಕ್ಕೊಂದು ಸಲ ಸಣ್ಣ ಚೌಕದಲ್ಲಿ ಒಂದು ಇನ್‌ಸ್ಟಾಲರ್ ಸ್ಕ್ರೀನಿನ ಚಿತ್ರ ಹಾಕಿ, ಯಾವ ಟಿಕ್ ತೆಗೀಬೇಕು, ಯಾವ ಬಟನ್ ಒತ್ಬೇಕು ಅಂತ ಕನ್ನಡದಲ್ಲಿ ಗುರುತು ಮಾಡಿ ಛಾಪಿಸ್ಬೇಕು ಅಂತ ಕೋರ್ತೀನಿ. ಚಿತ್ರ, ವಿವರ ಬೇಕಾದ್ರೆ ದುಡ್ಡಿಲ್ದೆ ನಾನೇ ಮಾಡ್ಕೊಡ್ತೀನಿ.

ಇಂತಿ,
ಕಂಪ್ಯೂಟರ್ ಸರ್ವೀಸ್ ಕೆಲಸದ ಒಬ್ಬ ಓದುಗ, ಹಾಸನ