ಕಾಳಿಯ ಅಳಿವೆಗೆ ಟ್ರೌಟ್ ಸ್ಪರ್ಧೆಯ ನಿಯಮ: ಬೇಕಾದ್ದನ್ನೇ ಬಿಟ್ಟಿದ್ದಾರೆ

ಮಾನ್ಯ ಸಂಪಾದಕರೇ,

ಬರುವ ಚಳಿಗಾಲದಲ್ಲಿ ಕಾಳಿ ನದಿಯ ಅಳಿವೆಯಲ್ಲಿ, ಸದಾಶಿವಗಡದ ಸೇತುವೆಯಿಂದ ಮೇಲಕ್ಕೆ ಕಡವಾಡ, ಕಿನ್ನರದವರೆಗಿನ ನೀರಿನಲ್ಲಿ, ತಂಡಗಳ ನಡುವೆ ದೋಣಿ ಗಾಳದ ಸ್ಪರ್ಧೆ ನಡೆಸಬೇಕೆಂಬ ಮಾತು ಕೆಲವು ವಾರಗಳಿಂದ ಕಾರವಾರದಲ್ಲಿ ಓಡಾಡುತ್ತಿದೆ. ಉತ್ಸಾಹಿಗಳು ಹಂಚುತ್ತಿರುವ ನಾಲ್ಕು ಪುಟಗಳ ಕರಡು ನಿಯಮಾವಳಿಯ ಪ್ರತಿಯೊಂದು ನನ್ನ ಕೈಗೂ ಬಂತು. ಯುರೋಪಿನ ಕಡೆ ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ ನಡೆಯುವ ದೋಣಿ ಫ್ಲೈ ಫಿಶಿಂಗ್ (ಹುಳುವಿನಂತೆ ಕಟ್ಟಿದ ಗರಿಯ ಗಾಳದಿಂದ ಮೀನು ಹಿಡಿಯುವ) ಸ್ಪರ್ಧೆಗಳ ನಿಯಮವನ್ನು ಮುಂದಿಟ್ಟುಕೊಂಡೇ ಇದನ್ನು ಬರೆದಿದ್ದಾರೆಂಬುದು ನಾಲ್ಕು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ; ಎರಡನೆಯ ಪುಟದಲ್ಲಿ ‘20 ಸೆಂಟಿಮೀಟರಿಗಿಂತ ಚಿಕ್ಕ ಟ್ರೌಟ್ ಲೆಕ್ಕಕ್ಕಿಲ್ಲ’ ಎಂಬ ಸಾಲು ಹಾಗೇ ಉಳಿದುಕೊಂಡಿದೆ. ಎರವಲು ತಂದದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ನೀರಿಗೆ ಹೊಂದದ ನಿಯಮಗಳನ್ನು ಜೋಪಾನವಾಗಿ ಉಳಿಸಿಕೊಂಡು, ನಮಗೆ ಎಲ್ಲಕ್ಕಿಂತ ಬೇಕಾಗಿದ್ದ ನಿಯಮವನ್ನೇ ಕೈಬಿಟ್ಟಿದ್ದಾರೆಂಬುದು ನನ್ನ ತಕರಾರು.

ನಾನು ಉದ್ಯೋಗದ ನಿಮಿತ್ತ ಒಂಬತ್ತು ವರ್ಷ ನೀಲಗಿರಿಯಲ್ಲಿದ್ದವನು. ಬ್ರಿಟಿಷರು 1907ರಲ್ಲಿ ಅಲ್ಲಿನ ಅವಲಾಂಚಿಯಲ್ಲಿ ಟ್ರೌಟ್ ಮರಿಕೇಂದ್ರ ಕಟ್ಟಿದರು. ಆ ಮೀನಿನ ಸಂತತಿ ಮೇಲಿನ ತಣ್ಣನೆಯ ತೊರೆಗಳಲ್ಲಿ ನೆಲೆಯಾಯಿತು. ಗರಿ, ನೂಲು, ಕೂದಲನ್ನು ಕೊಕ್ಕೆಗೆ ಸುತ್ತಿ ಹುಳುವಿನಂತೆ ಮಾಡುವುದನ್ನೂ, ಭಾರವಿಲ್ಲದ ಆ ಕೊಕ್ಕೆಯನ್ನು ದಪ್ಪ ದಾರದ ತೂಕದಿಂದಲೇ ಬೀಸಿ ಎಸೆಯುವುದನ್ನೂ ನಾನು ಕಲಿತದ್ದು ಅಲ್ಲಿ. ಕೋಡಿಬಾಗಕ್ಕೆ ಮರಳಿದ ಮೇಲೆ ಅದೇ ಕೈಚಳಕವನ್ನು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ, ನಮ್ಮ ಅಳಿವೆಯ ಮೀನುಗಳಾದ ಕೆಂಬೇರಿಯ ಮೇಲೂ ಕುರುಡಿಯ ಮೇಲೂ ಪ್ರಯೋಗಿಸುತ್ತಿದ್ದೇನೆ. ಟ್ರೌಟ್ ಮರಿಗಳನ್ನೇ ತಂದು ಇಲ್ಲಿ ಬಿಡಬಾರದೇಕೆಂದು ಒಬ್ಬ ಗೆಳೆಯರು ಕೇಳಿದರು. ನೀರು 20 ಡಿಗ್ರಿ ದಾಟಿದರೆ ಏದುಸಿರು ಬಿಡುವ ಮೀನು ನಮ್ಮ ಅಳಿವೆಯ ಬೆಚ್ಚನೆಯ ಉಪ್ಪುನೀರಿನಲ್ಲಿ ಸಂಜೆಯ ತನಕವೂ ಉಳಿಯಲಾರದು. ಉಳಿಯುವುದಿದ್ದರೂ ಪರದೇಶದ ಮೀನನ್ನು ನದಿಗೆ ಬಿಡುವ ಯೋಚನೆ ಬೇಡ.

ಸ್ಕಾಟ್ಲೆಂಡಿನಲ್ಲಿ ಸರೋವರಕ್ಕೆ ‘ಲಾಕ್’ ಎನ್ನುತ್ತಾರೆ. ಆದ್ದರಿಂದ ಕರಡಿಗೆ ಮೂಲವಾದ ದೋಣಿ ಬೇಟೆಗೆ ಲಾಕ್ ಶೈಲಿ ಎಂಬ ಹೆಸರು. ದೋಣಿಯನ್ನು ಗಾಳಿಗೆ ಅಡ್ಡಲಾಗಿ ಬಿಟ್ಟು, ಅದು ತೇಲಿದತ್ತ ತೇಲಲು ಕೊಟ್ಟು, ಇಬ್ಬರು ಕುಳಿತಲ್ಲಿಂದಲೇ ಮುಂದಿನ ನೀರಿಗೆ ಗಾಳ ಬೀಸುತ್ತಾರೆ. ಹಾಗಾಗಿ ಕೊಕ್ಕೆ ಬೀಳುವುದು ದೋಣಿ ಇನ್ನೂ ಕಲಕದ ನೀರಿನಲ್ಲಿ. ತಂಡಗಳ ಸ್ಪರ್ಧೆಯಲ್ಲಿ ಆ ಇಬ್ಬರು ಒಂದೇ ತಂಡದವರಾಗಿರುವಂತಿಲ್ಲ. ಯಾರ ಜೊತೆ ಯಾರೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅವಧಿಯ ಅರ್ಧ ಹೊತ್ತು ದೋಣಿ ಎಲ್ಲಿಗೆ ಹೋಗಬೇಕೆಂದು ಒಬ್ಬನು ಹೇಳಿದರೆ, ಉಳಿದರ್ಧ ಇನ್ನೊಬ್ಬನ ಮಾತು ನಡೆಯುತ್ತದೆ. ನಾನು ಹಿಡಿದದ್ದನ್ನು ನೋಡುವವನು, ನಾನು ತಪ್ಪಿದರೆ ಹೇಳುವವನು ನನ್ನ ಪ್ರತಿಸ್ಪರ್ಧಿಯೇ. 1981ರಲ್ಲಿ ಲಕ್ಸೆಂಬರ್ಗಿನಲ್ಲಿ ಆರಂಭವಾದ ಫ್ಲೈ ಫಿಶಿಂಗ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿಯೂ ಸರೋವರದ ದೋಣಿಗಳಲ್ಲಿ ಬೇರೆ ಬೇರೆ ದೇಶದವರನ್ನು ಹೀಗೆ ಜೊತೆಯಾಗಿ ಕೂರಿಸುತ್ತಾರೆ.

ನಮ್ಮ ಕರಡಿನಲ್ಲಿ ಇದೊಂದು ಇಲ್ಲ. ‘ಅನುಕೂಲದ ದೃಷ್ಟಿಯಿಂದ ಒಂದು ತಂಡದ ಸದಸ್ಯರು ಒಂದೇ ದೋಣಿಯಲ್ಲಿ ಕುಳಿತುಕೊಳ್ಳತಕ್ಕದ್ದು’ ಎಂದಿದೆ. ಈ ಅನುಕೂಲ ಯಾರಿಗೆಂಬುದನ್ನು ನಾನೊಮ್ಮೆ ಹತ್ತಿರದಿಂದ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಇನ್ನೊಂದು ಅಳಿವೆಯಲ್ಲಿ, ಶಾಲೆಗಳಿಗೆ ರಜೆಯೆಂದು ಮೇ ತಿಂಗಳ ಕೊನೆಯಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ತೂಕದ ಪಕ್ಕ ಕುಳಿತು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ತಂಡದವರು ತಂದಿಟ್ಟ ಕೆಂಬೇರಿಯ ಕಿವಿರಿನ ಹಿಂದೆ, ಮೈಯನ್ನು ಸುತ್ತುವರಿದಂತೆ, ಹುರುಪೆ ಉದುರಿದ ತೆಳ್ಳನೆಯ ಗೆರೆಯೊಂದಿತ್ತು. ಬಾಯಿ ಅಗಲಿಸಿ ನೋಡಿದರೆ ತುಟಿಯಲ್ಲಾಗಲಿ ದವಡೆಯಲ್ಲಾಗಲಿ ಕೊಕ್ಕೆ ಚುಚ್ಚಿದ ಗಾಯವಿರಲಿಲ್ಲ. ಬಲೆಯ ಕಣ್ಣಿಗೆ ಸಿಕ್ಕಿದ ಮೀನಿಗೆ ಆ ಗೆರೆ ಬೀಳುತ್ತದೆಂಬುದನ್ನು ನಮ್ಮ ಪೇಟೆಯಲ್ಲಿ ಮೀನು ಮಾರುವ ಯಾವ ಹೆಂಗಸೂ ಹೇಳಿಯಾಳು. ನಾನು ಹೇಳಿದೆ, ದೋಣಿಯಲ್ಲಿದ್ದವರೆಲ್ಲ ಒಂದೇ ತಂಡದವರಾದ್ದರಿಂದ ಸಾಕ್ಷಿಯಿಲ್ಲವೆಂದರು, ಒಂದು ಬಹುಮಾನವೂ ಆ ಮೀನಿಗೇ ಹೋಯಿತು. ಅಂದು ಆ ದೋಣಿಯಲ್ಲಿ ಎದುರು ತಂಡದವನೊಬ್ಬ ಕುಳಿತಿದ್ದರೆ ನಾನು ಮೀನಿನ ಬಾಯಿ ಅಗಲಿಸಿ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ.

ಅದೇ ದಿನ ತೂಕದಲ್ಲಿ ಮೊದಲಿನದಾದ, ತೋಳುದ್ದದ ಕುರುಡಿಯನ್ನು ಸಂಜೆ ಕೊಯ್ದಾಗ ಎರಡೂ ಪಕ್ಕದಲ್ಲಿ ತುಂಬು ಗೊನೆಯಂತೆ ಮೊಟ್ಟೆ. ಕುರುಡಿ ಮೀನು ಮೊದಲು ಗಂಡಾಗಿ ಬೆಳೆದು, ವರ್ಷಗಳು ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹೀಗಾಗಿ ‘ಅತಿ ಭಾರದ ಮೀನಿಗೆ ವಿಶೇಷ ಬಹುಮಾನ’ ಎಂಬ ಕರಡಿನ ಹನ್ನೊಂದನೆಯ ನಿಯಮ, ಬೇಕೆಂದೋ ಬೇಡವೆಂದೋ, ಅಳಿವೆಯ ತಾಯಿಮೀನುಗಳ ತಲೆಗೆ ಬೆಲೆ ಕಟ್ಟಿದಂತಾಗಿದೆ. ತಕ್ಕಡಿಯ ಇನ್ನೊಂದು ತೊಂದರೆಯೂ ಜಗತ್ತಿಗೆ ಗೊತ್ತಿರುವುದೇ: 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಈರೀ ಸರೋವರದ ಸ್ಪರ್ಧೆಯೊಂದರಲ್ಲಿ ಗೆದ್ದ ಮೀನುಗಳ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳು ಉರುಳಿದ್ದವು. ಟ್ರೌಟಿನ ವಿಶ್ವ ಸ್ಪರ್ಧೆಗಳಲ್ಲಿ ಅಂಕ ಬೀಳುವುದು ಉದ್ದಕ್ಕೆ. ಲೆಕ್ಕಕ್ಕೆ ಬರುವ ಪ್ರತಿ ಮೀನಿಗೆ 100 ಅಂಕ, ಮೇಲೆ ಸೆಂಟಿಮೀಟರಿಗೆ 20 ಅಂಕ. ಅಳೆದು, ಬರೆದು, ಅಲ್ಲಿಯೇ ನೀರಿಗೆ ಬಿಟ್ಟುಬಿಡುತ್ತಾರೆ. ಸೀಸ ನುಂಗಿದ ಮೀನು ಉದ್ದವಾಗುವುದಿಲ್ಲ. ನಮ್ಮಲ್ಲಿಯೂ ಅಳತೆ ದೋಣಿಯಲ್ಲಿಯೇ ನಡೆಯಲಿ, ಎದುರು ತಂಡದವನೇ ಅಳೆಯಲಿ, ಚೀಟಿಗೆ ಇಬ್ಬರೂ ಸಹಿ ಹಾಕಲಿ.

ತಂಡದ ಒಟ್ಟು ಲೆಕ್ಕದಲ್ಲಿಯೂ ಮೂಲ ನಿಯಮವೇ ವಾಸಿ. ಅಲ್ಲಿ ಒಂದು ವಿಭಾಗದ, ಎಂದರೆ ಒಂದೇ ನೀರಿನಲ್ಲಿ ಗಾಳ ಹಾಕುವ, ಸ್ಪರ್ಧಿಗಳನ್ನು ಅಂಕದ ಪ್ರಕಾರ ಒಂದು, ಎರಡು, ಮೂರು ಎಂದು ನಿಲ್ಲಿಸಿ, ಆ ಸ್ಥಾನಗಳನ್ನು ತಂಡವಾರು ಕೂಡಿಸುತ್ತಾರೆ. ಯಾರ ಮೊತ್ತ ಕಡಿಮೆಯೋ ಅವರು ಗೆದ್ದರು. ಒಬ್ಬನಿಗೆ ಒಳ್ಳೆಯ ಜಾಗ ಸಿಕ್ಕಿ ಹತ್ತು ಮೀನು ಬಿದ್ದರೂ ತಂಡಕ್ಕೆ ದೊರೆಯುವುದು ಒಂದು ಮೊದಲ ಸ್ಥಾನ ಮಾತ್ರ, ಉಳಿದವರು ಬರಿಗೈಯಲ್ಲಿ ಬಂದರೆ ಅದು ತಂಡವನ್ನು ಉಳಿಸದು. ಕರಡಿನಲ್ಲಿ ಎಲ್ಲರ ಮೀನನ್ನೂ ಒಂದೇ ಬುಟ್ಟಿಗೆ ಹಾಕಿ ತೂಗುವುದರಿಂದ ಅದು ತಂಡದ ಸ್ಪರ್ಧೆಯಾಗದೆ ಒಬ್ಬನ ಅದೃಷ್ಟದ ಆಟವಾಗುತ್ತದೆ.

ಇನ್ನು ಇಟ್ಟುಕೊಂಡ ನಿಯಮಗಳು. ‘ದೋಣಿ ಗಾಳಿಯೊಡನೆ ತೇಲತಕ್ಕದ್ದು, ವೇಗ ತಗ್ಗಿಸಲು ಡ್ರೋಗ್ ಬಳಸಬಹುದು’ ಎಂಬುದನ್ನು ಅಕ್ಷರಶಃ ಎತ್ತಿಟ್ಟಿದ್ದಾರೆ. ಡ್ರೋಗ್ ಎಂದರೆ ದೋಣಿಯ ಹಿಂದೆ ನೀರಿನಲ್ಲಿ ಬಿಡುವ, ಕೊಡೆಯಂತೆ ಬಿಚ್ಚಿಕೊಳ್ಳುವ ಬಟ್ಟೆಯ ಚೀಲ. ಸರೋವರದಲ್ಲಿ ನೀರು ನಿಂತಿರುತ್ತದೆ, ದೋಣಿಯನ್ನು ಗಾಳಿ ನೂಕುತ್ತದೆ, ಚೀಲ ನಿಂತ ನೀರನ್ನು ಕಚ್ಚಿ ಹಿಡಿಯುತ್ತದೆ. ಕಾಳಿಯ ಅಳಿವೆಯಲ್ಲಿ ಓಡುವುದು ನೀರೇ. ದೋಣಿಯೂ ಚೀಲವೂ ಒಂದೇ ಸೆಳೆತದಲ್ಲಿ ಜೊತೆಜೊತೆಯಾಗಿ ಹೋಗುವಾಗ ಯಾವುದು ಯಾವುದನ್ನು ತಡೆಯಬೇಕು? ಕುರುಡಿ, ಕೆಂಬೇರಿಗಳಾದರೋ ಕಲ್ಲಿನ ಮರೆಯಲ್ಲಿ, ಕಾಂಡ್ಲಾ ಬೇರಿನ ಸಂದಿಯಲ್ಲಿ ಸೆಳೆತಕ್ಕೆ ಮುಖಕೊಟ್ಟು ನಿಂತಿರುತ್ತವೆ. ತೇಲುವ ದೋಣಿ ಅವುಗಳ ಎದುರು ಅರೆಗಳಿಗೆಯೂ ನಿಲ್ಲುವುದಿಲ್ಲ. ಇಲ್ಲಿ ಹುಟ್ಟು ಹಾಕಿ ದೋಣಿಯನ್ನು ಹಿಡಿದು ನಿಲ್ಲಿಸಬಲ್ಲ ಅಂಬಿಗನೇ ಬೇಕು. ಲಂಗರು ಬೇಡ, ಏಕೆಂದರೆ ಅದು ಬಲೆಗಳಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಕಲ್ಲಿನ ಎದುರು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂದರೆ ಸಾಕು.

ಅರ್ಧ ಹೊತ್ತು ಒಬ್ಬನ ಮಾತು, ಉಳಿದರ್ಧ ಇನ್ನೊಬ್ಬನದು ಎಂಬ ನಿಯಮ ನ್ಯಾಯವಾಗಬೇಕಾದರೆ ಎರಡು ಅರ್ಧಗಳೂ ಒಂದೇ ತೆರನಾಗಿರಬೇಕು. ಮೊದಲರ್ಧದಲ್ಲಿ ಇಳಿತವಿದ್ದು ಮಧ್ಯೆ ಭರತ ತಿರುಗಿದರೆ ಎರಡನೆಯವನಿಗೆ ಸಿಗುವುದು ಬೇರೆಯೇ ನದಿ. ಆದ್ದರಿಂದ ಸ್ಪರ್ಧೆಯ ದಿನವನ್ನು ಭಾನುವಾರ ನೋಡಿ ಇಡುವುದಲ್ಲ, ತಿಥಿ ನೋಡಿ ಇಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಸೆಳೆತವನ್ನು ಬಿಟ್ಟು, ಅಷ್ಟಮಿ ನವಮಿಯ ಆಸುಪಾಸಿನಲ್ಲಿ, ನಸುಕಿಗೆ ಭರತ ತುಂಬುವ ದಿನವನ್ನು ಆರಿಸಿದರೆ ಬೆಳಗಿನ ಮೂರು ತಾಸು ಪೂರ್ತಿ ಇಳಿತದಲ್ಲಿಯೇ ಸಿಗುತ್ತದೆ. ಸ್ಪರ್ಧೆ ಎರಡು ದಿನದ್ದಾದರೆ ಎರಡನೆಯ ದಿನ ಸುಮಾರು 50 ನಿಮಿಷ ತಡವಾಗಿ ಆರಂಭಿಸಬೇಕು, ಭರತ ದಿನಕ್ಕೆ ಅಷ್ಟು ಹಿಂದೆ ಸರಿಯುತ್ತದೆ. ಹೇಗೂ ಹನ್ನೊಂದರೊಳಗೆ ಮುಗಿಸುವುದು ಲೇಸು. ಅನಂತರ ಪಡುವಣ ಗಾಳಿ ಏರಿ, ಇಳಿಯುವ ನೀರಿಗೆ ಎದುರಾಗಿ ಬೀಸಿ, ಸೇತುವೆಯ ಬಳಿ ಸಣ್ಣ ದೋಣಿಗಳನ್ನು ಕುಣಿಸುವ ತೆರೆ ಎಬ್ಬಿಸುತ್ತದೆ. ಕದ್ರಾ ಅಣೆಕಟ್ಟೆಯಿಂದ ಅಂದು ಎಷ್ಟು ನೀರು ಬಿಡುತ್ತಾರೆಂಬುದನ್ನೂ ಮುಂಚಿತವಾಗಿ ಕೇಳಿಕೊಂಡಿರಬೇಕು.

ಒಂದೇ ದಾರಕ್ಕೆ ಅರ್ಧ ಮೀಟರ್ ಅಂತರದಲ್ಲಿ ಮೂರು ಕೊಕ್ಕೆ ಕಟ್ಟಬಹುದೆಂಬುದು ಟ್ರೌಟಿಗೆ ಸರಿ, ಅಲ್ಲಿ ನೀರು ಬಯಲು. ನಮ್ಮ ಕೆಂಬೇರಿ ಕೊಕ್ಕೆ ತಾಗಿದ ಮರುಕ್ಷಣ ಬೇರಿನೊಳಗೆ ನುಗ್ಗುವ ಜಾತಿ. ಹಿಂದೆ ಬರುವ ಎರಡನೆಯ ಕೊಕ್ಕೆ ಬೇರಿಗೆ ನೆಟ್ಟರೆ ದಾರ ಕಡಿಯುತ್ತದೆ, ಮೀನು ಅಲ್ಲಿಯೇ ಕಟ್ಟಿಹಾಕಿದಂತಾಗಿ ಸಾಯುತ್ತದೆ. ಒಂದೇ ಕೊಕ್ಕೆ ಸಾಕು, ಅದಕ್ಕೆ ಹಿಮ್ಮುಳ್ಳು, ಎಂದರೆ ತುದಿಯ ಬಳಿ ಹಿಮ್ಮುಖವಾಗಿ ಚಾಚಿದ ಮೊನೆ, ಇರಬಾರದು. ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದಾರೋ ಇಲ್ಲವೋ ಎಂದು ತಿಳಿಯಲು ಹಳೆಯ ಪಂಚೆಯ ತುಂಡೊಂದು ಸಾಲದೇ? ಕೊಕ್ಕೆಯನ್ನು ಅದಕ್ಕೆ ಚುಚ್ಚಿ ಹಿಂದಕ್ಕೆ ಎಳೆದಾಗ ನೂಲು ಸಿಕ್ಕದಿದ್ದರೆ ಸರಿ, ಸಿಕ್ಕಿದರೆ ಮತ್ತೆ ಒತ್ತಬೇಕು. ಜೀವಂತ ಸಿಗಡಿಯನ್ನು ಕಟ್ಟಬಾರದೆಂಬ ನಿಯಮವನ್ನು ನಾನು ಬೆಂಬಲಿಸುತ್ತೇನೆ, ಏಕೆಂದರೆ ನುಂಗಿದ ಗಾಳ ಗಂಟಲಿಗೆ ಇಳಿಯುತ್ತದೆ, ಗರಿಯ ಗಾಳ ಸಾಮಾನ್ಯವಾಗಿ ತುಟಿಯಲ್ಲಿಯೇ ನಿಲ್ಲುತ್ತದೆ. ಆದರೆ ದುಬಾರಿ ಫ್ಲೈ ರಾಡ್ ಇದ್ದವರಿಗೆ ಮಾತ್ರ ಪ್ರವೇಶವೆಂಬುದನ್ನು ತೆಗೆಯಬೇಕು. ಗರಿಯ ಗಾಳವನ್ನು ಕೈದಾರದಿಂದ ಎಸೆಯಬಲ್ಲ ಹುಡುಗರು ನಮ್ಮ ದಂಡೆಯಲ್ಲಿ ಬೇಕಾದಷ್ಟಿದ್ದಾರೆ.

ಕುಳಿತೇ ಗಾಳ ಹಾಕಬೇಕು, ಜೀವರಕ್ಷಕ ಜಾಕೆಟ್ ತೊಟ್ಟಿರಲೇಬೇಕು ಎಂಬ ಮೂಲದ ಎರಡು ನಿಯಮಗಳಲ್ಲಿ ಒಂದಕ್ಷರವನ್ನೂ ಸಡಿಲಿಸಬಾರದು. ಕರಡಿನಲ್ಲಿ ಜಾಕೆಟ್ ‘ಅಪೇಕ್ಷಣೀಯ’ ಎಂದಿದೆ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡ ಊರಿನಲ್ಲಿ ಆ ಪದವನ್ನು ಬರೆಯಲು ಕೈ ಹೇಗೆ ಬಂತೋ ತಿಳಿಯದು. ಹಾಗೆಯೇ ಸೇತುವೆಯ ಕಂಬಗಳಿಂದ ದೋಣಿಗಳನ್ನು ದೂರವಿಡಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದ ಜಾಗವದು.

ಅಂಬಿಗರ ಬಗ್ಗೆ ಕರಡಿನಲ್ಲಿರುವುದು ಒಂದೇ ಸಾಲು: ‘ದೋಣಿ ನಡೆಸುವವರು ಸ್ಪರ್ಧಿಗೆ ಸಲಹೆ ನೀಡತಕ್ಕದ್ದಲ್ಲ.’ ಹುಟ್ಟಿದಂದಿನಿಂದ ಈ ನೀರನ್ನು ಕಂಡವನ ಎದುರು ಪೇಟೆಯವನೊಬ್ಬ ತಪ್ಪು ಜಾಗಕ್ಕೆ ಗಾಳ ಬೀಸುತ್ತಿರುವಾಗ ಅವನು ಬಾಯಿ ಮುಚ್ಚಿಕೊಂಡು ಕೂರುತ್ತಾನೆಂದು ನಂಬುವುದು ಕಷ್ಟ. ಬಾಯಿ ಮುಚ್ಚಿದರೂ ಕಣ್ಣು ಹೇಳುತ್ತದೆ. ಹೇಳುವುದಿದ್ದರೆ ಇಬ್ಬರಿಗೂ ಕೇಳುವಂತೆ ಹೇಳಲಿ ಎಂದು ಬರೆಯುವುದು ಮೇಲು. ಯಾವ ಅಂಬಿಗ ಯಾವ ದೋಣಿಗೆಂಬುದನ್ನೂ ಚೀಟಿ ಎತ್ತಿಯೇ ನಿಶ್ಚಯಿಸಬೇಕು, ಇಲ್ಲವಾದರೆ ಹಣವಿದ್ದ ತಂಡ ಬಲ್ಲ ಅಂಬಿಗನನ್ನು ವಾರ ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಅಂಬಿಗರು ಆ ದಿನ ಬಿಟ್ಟುಕೊಡುವ ದುಡಿಮೆಗೆ ತಕ್ಕ ಕೂಲಿಯನ್ನು ನಿಯಮಾವಳಿಯಲ್ಲಿಯೇ ನಮೂದಿಸಬೇಕು, ಬಲೆಯ ತೇಲುಗುಂಡು ಹಾಗೂ ಮೀನು ಸಾಕುವ ಪಂಜರಗಳಿಂದ 50 ಮೀಟರ್ ದೂರವಿರಬೇಕೆಂಬುದನ್ನೂ ಸೇರಿಸಬೇಕು. ಕರಡನ್ನು ಅಂತಿಮಗೊಳಿಸುವ ಮೊದಲು ಸಂಘಟಕರು ಸುಂಕೇರಿ, ಕಡವಾಡದ ದಂಡೆಗೆ ಹೋಗಿ ಅದನ್ನು ಅವರಿಗೆ ಓದಿ ಹೇಳಲಿ.

ಅಳತೆಯ ಸಾಧನ ಎಲ್ಲಿಂದ ತರುವುದೆಂದು ಕರಡು ಬರೆದವರಲ್ಲಿ ಒಬ್ಬರು ಕೇಳಿದ್ದರು. ಕುರುಡಿಯ ಕಿವಿರುಮುಚ್ಚಳದ ಅಂಚು ಚೂರಿಯಷ್ಟು ಹರಿತ, ಕೈಯಲ್ಲಿ ಹಿಡಿದು ಅಳೆಯಲಾಗದು. ಒಣ ಹಲಗೆಯ ಮೇಲಿಟ್ಟರೆ ಮೈಯ ಲೋಳೆ ಕಿತ್ತುಬರುತ್ತದೆ. ಹಲಸಿನ ಹಲಗೆಯಲ್ಲಿ ಮೀಟರುದ್ದದ, ಒಂದು ತುದಿ ಮುಚ್ಚಿದ, ನೀರು ತುಂಬಿಸಿಕೊಳ್ಳಬಹುದಾದ ಮೂರು ಮರಿಗೆಗಳನ್ನು ಮಾಡಿ, ಒಳಗೆ ಸೆಂಟಿಮೀಟರಿನ ಗೆರೆ ಕೊರೆದಿಟ್ಟಿದ್ದೇನೆ. ಬೇಕೆಂದವರು ಕೋಡಿಬಾಗಕ್ಕೆ ಬಂದು ಒಯ್ಯಬಹುದು.

ಇತಿ,
ನಿಮ್ಮ ಓದುಗ
ಕೋಡಿಬಾಗ, ಕಾರವಾರ